ಮಣ್ಣಿನ ಮೇಷ್ಟ್ರು ಕೋಲ್ಮನ್

ಹಬ್ಬಕ್ಕೆ ಊರಿಗೆ ಹೊರಟಾಗ ನಮ್ಮಲ್ಲಿ ಕೆಲವರು ಕಡೂರಲ್ಲೇ ಇಳೀತೀವಿ. ಇನ್ನು ಕೆಲವರು ಮುಂದೆ ಹೋಗ್ತೀವಿ. ಬೀರೂರು ಜಂಕ್ಷನ್ನಿಂದ ಒಂದು ಹಳಿ ತರೀಕೆರೆ ಕಡೆ, ಇನ್ನೊಂದು ಅಜ್ಜಂಪುರದ ಕಡೆ. ಕಡೂರಿನ ಕೆಂಪು ಮಣ್ಣಲ್ಲಿ ರಾಗಿ, ತರೀಕೆರೆ ಕಡೆ ಭತ್ತ, ಅಡಿಕೆ, ಅಜ್ಜಂಪುರದ ಕಪ್ಪು ಮಣ್ಣಲ್ಲಿ ಜೋಳ, ಈರುಳ್ಳಿ. ಸ್ವಲ್ಪ ದೂರದಲ್ಲೇ ಮಣ್ಣು ಬದಲಾಗುತ್ತೆ, ಆದರೆ ಮೂರೂ ಕಡೆ ಸೊಸೈಟಿಯಲ್ಲಿ ಸಿಗೋದು ಅದೇ 45 ಕೆಜಿಯ ಯೂರಿಯಾ ಚೀಲ. ಸಾರಜನಕ ಮಣ್ಣಿಗೆ ಬಿದ್ದ ಮೇಲೆ ಏನಾಗುತ್ತೆ ಅಂತ ನೂರು ವರ್ಷಕ್ಕೂ ಹಿಂದೆ ತಲೆ ಕೆಡಿಸಿಕೊಂಡಿದ್ದ ಒಬ್ಬರು ಆಮೇಲೆ ನಮ್ಮ ಮೈಸೂರು ಸಂಸ್ಥಾನಕ್ಕೇ ಬಂದರು. ಅವರೇ ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಟೊರಾಂಟೊದಲ್ಲಿ ಪದವಿ ಮುಗಿಸಿ ಜರ್ಮನಿಯ ಗಾಟಿಂಗೆನ್‌ಗೆ ಹೋದರು. ಅಲ್ಲಿ ಅವರು ಹಿಡಿದ ವಿಷಯ ನೈಟ್ರೀಕರಣ. ಮಣ್ಣಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎರಡು ಹಂತದ ಪ್ರೋಸೆಸ್, ಎರಡಕ್ಕೂ ಬೇರೆ ಬೇರೆ ಆಪರೇಟರ್. ತೇವ, ಗಾಳಿ, ಸಾವಯವ ಪದಾರ್ಥ ಇವು ಆ ಕೆಲಸವನ್ನು ಹೇಗೆ ಬದಲಿಸುತ್ತವೆ ಅನ್ನೋದನ್ನು ಕೋಲ್ಮನ್ ಅಳೆದು ನೋಡಿದರು. ಆ ಪ್ರಬಂಧ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಅದೇ ವರ್ಷ ಅವರು ಮೈಸೂರಿಗೆ ಬಂದರು. ಇಲ್ಲಿ ನೆಲ ಆಗಲೇ ಹದವಾಗಿತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟಿದ್ದರು. ಡಾ. ಲೆಹ್ಮನ್ ಅಲ್ಲಿ ಮಣ್ಣಿಗೂ ಬೆಳೆಗೂ ಇರುವ ಸಂಬಂಧ ನೋಡುತ್ತಿದ್ದರು. ಆದರೆ ಕೋಲ್ಮನ್‌ಗೆ ಸಿಕ್ಕಿದ್ದು ಶಿಲೀಂಧ್ರ ಮತ್ತು ಕೀಟಗಳ ಕೆಲಸ. ಮಲೆನಾಡಲ್ಲಿ ಆಗ ಕೊಳೆರೋಗ. ಮಳೆ ಹಿಡಿದರೆ ಅಡಿಕೆ ಕಾಯಿ ಕೊಳೆತು ಉದುರಿ, ವರ್ಷದ ಆದಾಯ ನೆಲದ ಪಾಲು. ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಒದ್ದಾಡುತ್ತಿದ್ದರು. ಕೋಲ್ಮನ್ ರೋಗದ ಮೂಲವಾದ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಮಳೆಗೆ ತೊಳೆದುಹೋಗದ ಹಾಗೆ ಅಂಟು ಸೇರಿಸಿ ಸಿಂಪಡಿಸೋದನ್ನು ತೋರಿಸಿಕೊಟ್ಟರು. ಇವತ್ತಿಗೂ ಮುಂಗಾರಿಗೆ ಮುಂಚೆ ಮಲೆನಾಡಿನ ತೋಟಗಳಲ್ಲಿ ಅದೇ ನೀಲಿ ಔಷಧಿ ನೋಡ್ತೀವಲ್ಲ!

1913ರಲ್ಲಿ ಅವರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು, ಮುಂದೆ ಅದೇ ಕಾಲೇಜಾಯಿತು. ರಾಗಿ ತಳಿಗಳ ಆಯ್ಕೆ ನಡೆಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಬಂತು. ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು ಆಗ ಕಡೂರು ಜಿಲ್ಲೆ, ಅಂದ್ರೆ ಅದೂ ನಮ್ಮ ಜಿಲ್ಲೆಯ ಕತೆಯೇ. 1934ರಲ್ಲಿ ಕೆಲಸ ಬಿಟ್ಟು ಕೆನಡಾಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು.

ಅವರು ಗಾಟಿಂಗೆನ್‌ನಲ್ಲಿ ಎತ್ತಿಕೊಂಡ ಪ್ರಶ್ನೆ ಮಾತ್ರ ನಮ್ಮ ಹೊಲಗಳಲ್ಲಿ ಇನ್ನೂ ಉಳಿದಿದೆ. ಒಂದು ಚೀಲ ಯೂರಿಯಾದಲ್ಲಿ ಶೇಕಡಾ 46, ಅಂದರೆ 20.7 ಕೆಜಿ ಸಾರಜನಕ. ಕಡೂರಿನ ಕೆಂಪು ಮಣ್ಣಲ್ಲಿ ಬ್ಯಾಕ್ಟೀರಿಯಾ ಒಂದೊಂದು ಅಮೋನಿಯಂ ಅಯಾನನ್ನು ನೈಟ್ರೇಟ್ ಮಾಡುವಾಗಲೂ ಎರಡು ಹೈಡ್ರೋಜನ್ ಅಯಾನು ಹೊರಬೀಳುತ್ತವೆ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ತಡೆದುಕೊಳ್ಳುವ ಶಕ್ತಿ ಕಮ್ಮಿ, ವರ್ಷಗಟ್ಟಲೆ ಹೀಗೇ ಆದರೆ ಹುಳಿಯಾಗುತ್ತೆ. ತರೀಕೆರೆಯ ನೀರು ನಿಂತ ಗದ್ದೆಯಲ್ಲಿ ನೈಟ್ರೇಟ್ ಆದದ್ದು ಕೆಳಗಿನ ಗಾಳಿಯಿಲ್ಲದ ಪದರಕ್ಕಿಳಿದರೆ ಬೇರೆ ಬ್ಯಾಕ್ಟೀರಿಯಾ ಅದನ್ನು ಅನಿಲ ಮಾಡಿ ಹಾರಿಸಿಬಿಡುತ್ತವೆ. ಅಜ್ಜಂಪುರದ ಕಪ್ಪು ಮಣ್ಣು ಅಷ್ಟು ಬೇಗ ಹುಳಿಯಾಗಲ್ಲ. ಆದರೆ ಸುಣ್ಣದಂಶ ಇರೋ ಕಡೆ ಯೂರಿಯಾ ಮೇಲೇ ಚೆಲ್ಲಿ ಬಿಟ್ಟರೆ ಅಮೋನಿಯಾ ಗಾಳಿಪಾಲು. ಚೀಲ ಒಂದೇ, ನಷ್ಟ ಮೂರು ಥರ.

ಬೆಂಗಳೂರಿನ ಜಿಕೆವಿಕೆಯಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ದೀರ್ಘಾವಧಿ ಪ್ರಯೋಗ ನಡೀತಿದೆ. ಬರೀ ಸಾರಜನಕ ಹಾಕುತ್ತಾ ಬಂದ ತಾಕು ಸೊರಗಿದೆ. ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ, ಸುಣ್ಣ ಕಂಡ ತಾಕಿನಲ್ಲಿ ಬೆಳೆಯೂ ಚೆನ್ನಾಗಿದೆ, ಮಣ್ಣಿನ ಜೀವಿಗಳೂ ಉಳಿದಿವೆ. ಕೊಟ್ಟಿಗೆ ಗೊಬ್ಬರ ಆ ಜೀವಿಗಳಿಗೆ ಊಟ. ಆದರೆ ಮನೇಲಿ ದನ ಕಮ್ಮಿಯಾದ ಹಾಗೆ ತಿಪ್ಪೆಯೂ ಕರಗುತ್ತಿದೆ. ಅಮೃತಮಹಲ್ ದನಗಳ ತಳಿ ಕೇಂದ್ರ ಇರೋ ಅಜ್ಜಂಪುರದ ಕಡೆಯೂ ಈ ಮಾತು ಸುಳ್ಳಲ್ಲ.

ಮುಂದಿನ ಸಲ ಊರಿಗೆ ಹೋದಾಗ ಹೊಲದ ಮಣ್ಣನ್ನು ಒಂದು ಪರೀಕ್ಷೆಗೆ ಕೊಟ್ಟು ಬರೋಣ. ಅಪ್ಪ ಏನಕ್ಕೋ ಅಂತ ಕೇಳಿದರೆ, ಕೋಲ್ಮನ್ ಕತೆ ಹೇಳೋಣ.