ಆರ್. ಶಿವಭೋಗಂ

ಆರ್. ಶಿವಭೋಗಂ (23 ಜುಲೈ 1907 – 14 ಜೂನ್ 1966) ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕರು. ಮದ್ರಾಸಿನಲ್ಲಿ ಓದಿ, ಅಲ್ಲಿಯೇ ವೃತ್ತಿ ನಡೆಸಿದ ಅವರು 1933ರಲ್ಲಿ ಲೆಕ್ಕಪರಿಶೋಧನೆಯ ಅರ್ಹತೆ ಪಡೆದರು. ಆದರೆ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದ್ದ ಕಾರಣ ಅವರ ವೃತ್ತಿನೋಂದಣಿಗೆ ಕಾನೂನು ಅಡ್ಡಬಂದಿತು. ಅದನ್ನು ಪ್ರಶ್ನಿಸಿ ಗೆದ್ದ ಬಳಿಕ 1937ರಲ್ಲಿ ಸ್ವತಂತ್ರ ವೃತ್ತಿಯನ್ನು ಆರಂಭಿಸಿದರು. 1955ರಿಂದ 1958ರವರೆಗೆ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ (ಐಸಿಎಐ) ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷರಾಗಿದ್ದರು.

ಶಿಕ್ಷಣ ಮತ್ತು ಸೆರೆವಾಸ

ಶಿವಭೋಗಂ ಅವರು ಮದ್ರಾಸಿನ ತಿರುವಲ್ಲಿಕ್ಕೇಣಿಯ ಲೇಡಿ ವಿಲಿಂಗ್ಡನ್ ಶಾಲೆಯಲ್ಲಿ ಓದಿದರು. ಬಾಲವಿಧವೆಯರ ಶಿಕ್ಷಣಕ್ಕಾಗಿ ದುಡಿದ ಸಿಸ್ಟರ್ ಸುಬ್ಬಲಕ್ಷ್ಮಿಯವರು ಅವರಿಗೆ ಮಾರ್ಗದರ್ಶಕರಾಗಿದ್ದರು. ಬಳಿಕ, ಮಹಿಳೆಯರಿಗೆಂದೇ 1914ರಲ್ಲಿ ಸ್ಥಾಪನೆಯಾಗಿದ್ದ ಕ್ವೀನ್ ಮೇರಿ ಕಾಲೇಜಿನಲ್ಲಿ ಪದವಿ ಪಡೆದರು.

ಗಾಂಧೀಜಿಯವರ ಕರೆಗೆ ಓಗೊಟ್ಟು ಸ್ವದೇಶಿ ಚಳವಳಿಯಲ್ಲಿ ಭಾಗವಹಿಸಿದ ಅವರು ಬಂಧನಕ್ಕೊಳಗಾಗಿ ವೆಲ್ಲೂರು ಸೆರೆಮನೆಯಲ್ಲಿ ಒಂದು ವರ್ಷ ಕಳೆದರು. ಲೆಕ್ಕಪರಿಶೋಧಕರಾಗಬೇಕೆಂಬ ನಿರ್ಧಾರ ಮೂಡಿದ್ದು ಅಲ್ಲಿಯೇ. ಬಿಡುಗಡೆಯಾದ ನಂತರ ಜಿ.ಡಿ.ಎ. ಎಂಬ ಲೆಕ್ಕಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿ, ಮದ್ರಾಸಿನ ಲೆಕ್ಕಪರಿಶೋಧಕ ಸಿ. ಎಸ್. ಶಾಸ್ತ್ರಿ ಅವರಲ್ಲಿ ಆರ್ಟಿಕಲ್ ತರಬೇತಿ ಪಡೆದರು. 1933ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಅಂದಿನ ವೃತ್ತಿನಿಯಮಗಳು

ಬ್ರಿಟಿಷ್ ಭಾರತದಲ್ಲಿ ಲೆಕ್ಕಪರಿಶೋಧಕರಿಗೆ ಕಾನೂನಿನ ಅರ್ಹತೆ ಮೊದಲು ನಿಗದಿಯಾದದ್ದು 1913ರ ಭಾರತೀಯ ಕಂಪನಿ ಕಾಯ್ದೆಯಿಂದ. ಕಂಪನಿಗಳ ಲೆಕ್ಕವನ್ನು ತಪಾಸಣೆ ಮಾಡುವವರು ಪ್ರಾಂತೀಯ ಸರ್ಕಾರದಿಂದ ಪ್ರಮಾಣಪತ್ರ ಪಡೆಯಬೇಕಾಯಿತು. 1918ರಲ್ಲಿ ಮುಂಬಯಿಯಲ್ಲಿ ಜಿ.ಡಿ.ಎ. ಆರಂಭವಾಯಿತು. ಪರೀಕ್ಷೆಯೊಂದಿಗೆ ಮೂರು ವರ್ಷಗಳ ತರಬೇತಿಯನ್ನೂ ಮುಗಿಸಿದವರು ದೇಶದಾದ್ಯಂತ ವೃತ್ತಿ ನಡೆಸಬಹುದಾಗಿತ್ತು. 1932ರ ಲೆಕ್ಕಪರಿಶೋಧಕರ ಪ್ರಮಾಣಪತ್ರ ನಿಯಮಗಳು ಈ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ವಹಿಸಿದವು. ಅಂದಿನಿಂದ ಸರ್ಕಾರದ ದಾಖಲೆಪುಸ್ತಕದಲ್ಲಿ ಹೆಸರು ಇದ್ದವರು ಮಾತ್ರ ನೋಂದಾಯಿತ ಲೆಕ್ಕಪರಿಶೋಧಕರೆನಿಸಿಕೊಂಡರು.

ಹೀಗೆ ವಿದ್ಯಾರ್ಹತೆ ಮತ್ತು ಪದನಾಮ ಎರಡು ಬೇರೆ ಬೇರೆ ಹಂತಗಳಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ವ್ಯಕ್ತಿಯೂ ನೋಂದಣಿಯಾಗದ ಹೊರತು ಆ ವೃತ್ತಿಯ ಹೆಸರನ್ನು ಬಳಸುವಂತಿರಲಿಲ್ಲ. ಅನರ್ಹರಿಂದ ಸಾರ್ವಜನಿಕರನ್ನು ರಕ್ಷಿಸುವುದು ಈ ವ್ಯವಸ್ಥೆಯ ಉದ್ದೇಶ. ಆದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ಅಧಿಕಾರವೂ ಇದರಿಂದ ಸರ್ಕಾರದ ಕೈಸೇರಿತು.

ನೋಂದಣಿಗಾಗಿ ಹೋರಾಟ

ಜೈಲುಶಿಕ್ಷೆ ಅನುಭವಿಸಿದವರು ಲೆಕ್ಕಪರಿಶೋಧಕರಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮ ಆಗ ಜಾರಿಯಲ್ಲಿತ್ತು. ವಂಚನೆಗಾಗಿ ಶಿಕ್ಷೆಗೊಳಗಾದವರಿಗೂ ರಾಜಕೀಯ ಚಳವಳಿಯಲ್ಲಿ ಸೆರೆಮನೆ ಕಂಡವರಿಗೂ ಈ ನಿಯಮ ಭೇದವೆಣಿಸಲಿಲ್ಲ. ತರಬೇತಿ, ಪರೀಕ್ಷೆ ಎರಡನ್ನೂ ಪೂರೈಸಿದ್ದರೂ ಶಿವಭೋಗಂ ಅವರು ಸ್ವಂತ ಕಚೇರಿ ತೆರೆಯಲಾಗಲಿಲ್ಲ. ಅವರು ಈ ನಿರ್ಬಂಧದ ವಿರುದ್ಧ ಅರ್ಜಿ ಸಲ್ಲಿಸಿದರು. ತೀರ್ಮಾನ ಅವರ ಪರವಾಗಿ ಬಂದಿತು. ತೇರ್ಗಡೆಯಾದ ನಾಲ್ಕು ವರ್ಷಗಳ ಬಳಿಕ, 1937ರಲ್ಲಿ, ಅವರ ಸ್ವತಂತ್ರ ವೃತ್ತಿ ಆರಂಭವಾಯಿತು.

ಮಹಿಳೆಯರಿಗೆ ಈ ವೃತ್ತಿಯ ಬಾಗಿಲು ಇತರೆಡೆಗಳಲ್ಲಿಯೂ ತಡವಾಗಿಯೇ ತೆರೆದಿತ್ತು. ಇಂಗ್ಲೆಂಡಿನಲ್ಲಿ ಮೇರಿ ಹ್ಯಾರಿಸ್ ಸ್ಮಿತ್ ಅವರು ದಶಕಗಳ ಪ್ರಯತ್ನದ ನಂತರ 1920ರಲ್ಲಿ, ಲಿಂಗಾಧಾರಿತ ಅನರ್ಹತೆಯನ್ನು ಕಾಯ್ದೆಯೊಂದು ತೆಗೆದುಹಾಕಿದ ಮೇಲೆ, ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ ಪ್ರವೇಶ ಪಡೆದಿದ್ದರು.

1949ರ ಕಾಯ್ದೆ

ಸ್ವಾತಂತ್ರ್ಯಾನಂತರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ 1949ರ ಜುಲೈ 1ರಂದು ಜಾರಿಗೆ ಬಂದಿತು. ನೋಂದಣಿಯ ಅಧಿಕಾರ ಸರ್ಕಾರದಿಂದ ಐಸಿಎಐಗೆ ವರ್ಗವಾಯಿತು. ಹಿಂದಿನ ನೋಂದಾಯಿತ ಲೆಕ್ಕಪರಿಶೋಧಕರು ಹೊಸ ಸಂಸ್ಥೆಯ ಸದಸ್ಯರಾದರು. ಕಾಯ್ದೆಯ 7ನೇ ಕಲಂ ಸದಸ್ಯರಿಗೆ ಚಾರ್ಟರ್ಡ್ ಅಕೌಂಟೆಂಟ್ ಎಂಬ ಪದನಾಮವನ್ನು ನೀಡಿತು. ಸದಸ್ಯರಲ್ಲದವರು ಅದನ್ನು ಬಳಸುವುದು 24ನೇ ಕಲಂ ಪ್ರಕಾರ ಅಪರಾಧವಾಯಿತು. ಸದಸ್ಯತ್ವದ ಅನರ್ಹತೆಗಳನ್ನು ಹೇಳುವ 8ನೇ ಕಲಂ, ಬರಿಯ ಜೈಲುವಾಸಕ್ಕೆ ಬದಲಾಗಿ ನೈತಿಕ ಅಧಃಪತನದ ಅಪರಾಧಗಳನ್ನೂ ವೃತ್ತಿಸಂಬಂಧಿ ಅಪರಾಧಗಳನ್ನೂ ಹೆಸರಿಸಿತು. ಶಿವಭೋಗಂ ಅವರ ಪ್ರಕರಣದಲ್ಲಿ ಎದ್ದಿದ್ದ ಭೇದವು ಇದರಿಂದ ಕಾನೂನಿನ ಮಾತಿನಲ್ಲಿಯೇ ಸ್ಪಷ್ಟವಾಯಿತು.

ಪ್ರಾದೇಶಿಕ ಮಂಡಳಿಯ ಅಧ್ಯಕ್ಷತೆ

ಶಿವಭೋಗಂ ಅವರು ಅಧ್ಯಕ್ಷರಾಗಿದ್ದ ಅವಧಿಯಲ್ಲಿಯೇ 1956ರ ಕಂಪನಿ ಕಾಯ್ದೆ ಜಾರಿಗೆ ಬಂದು, ಕಂಪನಿಗಳ ಲೆಕ್ಕಪರಿಶೋಧಕರು ಚಾರ್ಟರ್ಡ್ ಅಕೌಂಟೆಂಟರೇ ಆಗಿರಬೇಕೆಂಬುದನ್ನು ಸಾಮಾನ್ಯ ನಿಯಮವಾಗಿಸಿತು. ಅದೇ ವರ್ಷ ಅವರು, ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಮಹಿಳೆಯರ ಪೈಕಿ ಮೊದಲ ಸ್ಥಾನ ಪಡೆಯುವವರಿಗಾಗಿ ಪುರಸ್ಕಾರವೊಂದನ್ನು ಸ್ಥಾಪಿಸಿದರು. ಸರಳ ಜೀವನ ನಡೆಸಿದ ಅವರು ಖಾದಿಯನ್ನೇ ಉಡುತ್ತಿದ್ದರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿಯೂ ದುಡಿದರು.

ಕರ್ನಾಟಕ ಮತ್ತು ಪದನಾಮದ ರಕ್ಷಣೆ

ಕರ್ನಾಟಕವು ಇಂದು ಐಸಿಎಐನ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ವ್ಯಾಪ್ತಿಯಲ್ಲಿದೆ. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಆಗ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದು, ರಾಜ್ಯ ಪುನರ್ವಿಂಗಡಣೆಯಿಂದ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರಿನ ಬೀಜ ಮತ್ತು ಹತ್ತಿ ವ್ಯಾಪಾರದಂತಹ ವಹಿವಾಟು ನಡೆಯುವ ಊರುಗಳಲ್ಲಿ ಪದನಾಮದ ಪ್ರಶ್ನೆ ವರ್ತಕರಿಗೆ ನೇರವಾಗಿ ಸಂಬಂಧಿಸಿದೆ. ಭಾರತದಲ್ಲಿ ತೆರಿಗೆ ಸಲಹೆಗಾರ ಎಂಬ ಹೆಸರಿಗೆ ಪ್ರತ್ಯೇಕ ಕಾನೂನಿನ ರಕ್ಷಣೆಯಿಲ್ಲ. ಜರ್ಮನಿಯಲ್ಲಿ ಅದಕ್ಕೆ ಸಮಾನವಾದ ಪದನಾಮ, ನಿಗದಿತ ಅರ್ಹತೆ ಪಡೆದು ನೇಮಕಗೊಂಡವರಿಗೆ ಮೀಸಲು. ಇಲ್ಲಿ ಕಾನೂನು ಕಾಯುವುದು ಕೆಲವು ನಿರ್ದಿಷ್ಟ ಹೆಸರುಗಳನ್ನೂ ಕೆಲಸಗಳನ್ನೂ ಮಾತ್ರ. 1961ರ ಆದಾಯ ತೆರಿಗೆ ಕಾಯ್ದೆಯ 288ನೇ ಕಲಂ, ತೆರಿಗೆದಾರರ ಪರವಾಗಿ ಅಧಿಕಾರಿಗಳ ಮುಂದೆ ಹಾಜರಾಗಲು ವಕೀಲರು, ಲೆಕ್ಕಪರಿಶೋಧಕರು, ನಿಗದಿತ ಅರ್ಹತೆಯುಳ್ಳ ಆದಾಯ ತೆರಿಗೆ ವೃತ್ತಿಗರು ಮುಂತಾದವರಿಗೆ ಅವಕಾಶ ಕೊಟ್ಟಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿತ ಜಿಎಸ್‌ಟಿ ವೃತ್ತಿಗರ ವರ್ಗವಿದೆ. ಕಿರ್ದಿ, ಖಾತೆ ಬರೆದುಕೊಡುವುದಕ್ಕೆ ಯಾವ ಪದನಾಮವೂ ಬೇಕಿಲ್ಲ. ಆದರೆ ಕಂಪನಿಯ ಲೆಕ್ಕಪರಿಶೋಧನಾ ವರದಿಗೆ ಸಹಿ ಹಾಕಲು ಬೇಕು. ಫಲಕದ ಮೇಲಿನ ಹೆಸರು ಯಾವುದೇ ಇರಲಿ, ಸಹಿಗೆ ಬೆಲೆ ಬರುವುದು ಸದಸ್ಯತ್ವದ ನೋಂದಣಿಯಿಂದ. ಶಿವಭೋಗಂ ಅವರು ನಾಲ್ಕು ವರ್ಷ ಕಾದದ್ದು ಇಂತಹ ನೋಂದಣಿಗಾಗಿ.

ನಿಧನ

ಶಿವಭೋಗಂ ಅವರು 1966ರ ಜೂನ್ 14ರಂದು ನಿಧನರಾದರು. ಭಾರತದ ಲೆಕ್ಕಪರಿಶೋಧನಾ ವೃತ್ತಿಯ ಇತಿಹಾಸದಲ್ಲಿ ಅವರ ಹೆಸರು ಮಹಿಳೆಯರ ಪ್ರವೇಶದೊಂದಿಗೆ ಸೇರಿಕೊಂಡಿದೆ.