ಜಾರ್ಜ್ ವೆಸ್ಟಿಂಗ್‌ಹೌಸ್: ಎಡಿಸನ್‌ಗೆ ಎದುರಾಗಿ ನಿಂತ ಉದ್ಯಮಿ

ವಿದ್ಯುತ್ ಉದ್ಯಮದ ಚರಿತ್ರೆಯಲ್ಲಿ ಥಾಮಸ್ ಎಡಿಸನ್‌ಗೆ ಸರಿಸಮನಾಗಿ ನಿಂತು ಸೆಣಸಿದ ಜಾರ್ಜ್ ವೆಸ್ಟಿಂಗ್‌ಹೌಸ್ ಜನಿಸಿದ್ದು 1846ರ ಅಕ್ಟೋಬರ್ 6ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಗ್ರಾಮದಲ್ಲಿ. ತಂದೆಯದು ಕೃಷಿ ಯಂತ್ರಗಳ ಕಾರ್ಖಾನೆ. ಅಂತರ್ಯುದ್ಧದಲ್ಲಿ ಸೈನಿಕನಾಗಿ ದುಡಿದು ಮರಳಿದ ಆತ ಕಾಲೇಜು ಸೇರಿದನಾದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ರೈಲಿನ ಗಾಡಿಗಳ ಮೇಲೆ ಆಳುಗಳು ಹತ್ತಿ ಕೈಯಿಂದಲೇ ಬ್ರೇಕ್ ತಿರುಗಿಸಬೇಕಿದ್ದ ಕಾಲವದು. ಒತ್ತಡದ ಗಾಳಿಯಿಂದ ಇಡೀ ರೈಲನ್ನು ಚಾಲಕನೊಬ್ಬನೇ ನಿಲ್ಲಿಸಬಲ್ಲ ಏರ್ ಬ್ರೇಕ್‌ಗೆ 1869ರಲ್ಲಿ ಪೇಟೆಂಟ್ ಪಡೆದಾಗ ಆತನಿಗೆ ಕೇವಲ 22 ವರ್ಷ. ಪಿಟ್ಸ್‌ಬರ್ಗ್ ಆತನ ಕಾರ್ಯಕ್ಷೇತ್ರವಾಯಿತು.

1882ರಲ್ಲಿ ಎಡಿಸನ್ ನ್ಯೂಯಾರ್ಕ್‌ನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರ ತೆರೆದ. ಅಲ್ಲಿ ಉತ್ಪಾದನೆಯಾಗುತ್ತಿದ್ದುದು ಡಿಸಿ, ಅಂದರೆ ನೇರ ವಿದ್ಯುತ್. ಅದನ್ನು ಒಂದೂವರೆ ಕಿಲೋಮೀಟರ್‌ಗಿಂತ ದೂರ ಒಯ್ಯುವುದು ಲಾಭದಾಯಕವಾಗಿರಲಿಲ್ಲ. ಹೀಗಾಗಿ ಬೆಳಕು ದೊರೆತದ್ದು ಜನನಿಬಿಡ ನಗರಗಳ ಗ್ರಾಹಕರಿಗೆ ಮಾತ್ರ. ಯುರೋಪಿನಲ್ಲಿ ಗೋಲಾರ್ ಮತ್ತು ಗಿಬ್ಸ್ ರೂಪಿಸಿದ್ದ ಟ್ರಾನ್ಸ್‌ಫಾರ್ಮರ್ ವೆಸ್ಟಿಂಗ್‌ಹೌಸ್‌ನ ಗಮನ ಸೆಳೆಯಿತು. ಎಂಜಿನಿಯರ್ ವಿಲಿಯಂ ಸ್ಟಾನ್ಲಿ ಅದನ್ನು ಸುಧಾರಿಸಿ, 1886ರ ಮಾರ್ಚ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಪಟ್ಟಣದ ಅಂಗಡಿಗಳಿಗೆ ಎಸಿ ವಿದ್ಯುತ್ತಿನ ದೀಪ ಬೆಳಗಿಸಿ ತೋರಿಸಿದ. ಎಸಿಯನ್ನು ಹೆಚ್ಚಿನ ವೋಲ್ಟೇಜ್‌ನಲ್ಲಿ ದೂರಕ್ಕೆ ಸಾಗಿಸಿ, ಮನೆಯ ಹೊಸ್ತಿಲಲ್ಲಿ ತಗ್ಗಿಸಬಹುದಿತ್ತು.

ಪೈಪೋಟಿಯ ಫಲ ಬೇಗನೆ ಕಂಡಿತು. ಎಡಿಸನ್ ಕಂಪನಿಯ ಮೀಟರಿನಲ್ಲಿ ಸತುವಿನ ತಗಡುಗಳಿದ್ದವು. ಅವನ್ನು ತೆಗೆದು ತೂಕ ಹಾಕಿ ಬಿಲ್ಲು ಬರೆಯಬೇಕಿತ್ತು! 1888ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಆಲಿವರ್ ಶಾಲೆನ್‌ಬರ್ಗರ್ ತಿರುಗುವ ಎಸಿ ಮೀಟರ್ ರೂಪಿಸಿದ. ಅದೇ ವರ್ಷ ನಿಕೋಲಾ ಟೆಸ್ಲಾನ ಎಸಿ ಮೋಟಾರಿನ ಪೇಟೆಂಟ್ ಹಕ್ಕುಗಳೂ ವೆಸ್ಟಿಂಗ್‌ಹೌಸ್ ಪಾಲಾದವು.

ಆದರೆ ಸ್ಪರ್ಧೆ ಅಲ್ಲಿಗೇ ನಿಲ್ಲಲಿಲ್ಲ. ಹೆರಾಲ್ಡ್ ಬ್ರೌನ್ ಎಂಬಾತ ಎಡಿಸನ್ ಪ್ರಯೋಗಾಲಯದ ನೆರವಿನಿಂದ ನಾಯಿ, ಕರು, ಕುದುರೆಗಳನ್ನು ಎಸಿ ಹಾಯಿಸಿ ಕೊಂದು ಪ್ರದರ್ಶಿಸಿದ. ನ್ಯೂಯಾರ್ಕ್‌ನ ಬೀದಿಗಳಲ್ಲಿ ಜೋತುಬಿದ್ದಿದ್ದ ತಂತಿಗಳಿಂದ ಸಾವುಗಳು ಸಂಭವಿಸುತ್ತಿದ್ದುದು ನಿಜ. ಆದರೆ ಆ ಪ್ರದರ್ಶನಗಳ ಉದ್ದೇಶ ಸುರಕ್ಷತೆಗಿಂತ ಎದುರಾಳಿಗೆ ಮಸಿ ಬಳಿಯುವುದೇ ಆಗಿತ್ತು. 1890ರಲ್ಲಿ ಮೊದಲ ಬಾರಿಗೆ ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆ ಜಾರಿಯಾದಾಗ ಬಳಕೆಯಾದದ್ದು ವೆಸ್ಟಿಂಗ್‌ಹೌಸ್ ಜನರೇಟರ್. ಬ್ರೌನ್ ಅದನ್ನು ಆತನ ಇಚ್ಛೆಗೆ ವಿರುದ್ಧವಾಗಿ ದೊರಕಿಸಿಕೊಟ್ಟಿದ್ದ.

1892ರಲ್ಲಿ ಎಡಿಸನ್ ಕಂಪನಿಯು ಥಾಮ್ಸನ್-ಹ್ಯೂಸ್ಟನ್ ಜತೆ ವಿಲೀನಗೊಂಡು ಜನರಲ್ ಎಲೆಕ್ಟ್ರಿಕ್ (ಜಿಇ) ಆಯಿತು. ಮರುವರ್ಷದ ಷಿಕಾಗೋ ವಿಶ್ವ ಪ್ರದರ್ಶನದ ದೀಪಗಳ ಗುತ್ತಿಗೆಗೆ ಜಿಇ 5.54 ಲಕ್ಷ ಡಾಲರ್ ಕೇಳಿದರೆ, ವೆಸ್ಟಿಂಗ್‌ಹೌಸ್ 3.99 ಲಕ್ಷಕ್ಕೆ ಗುತ್ತಿಗೆ ಪಡೆದ. ಎಡಿಸನ್ ಬಲ್ಬಿನ ಪೇಟೆಂಟ್ ಅಡ್ಡಬಂದಾಗ ಬಿರಡೆಯಿದ್ದ ಬೇರೆ ಬಗೆಯ ಬಲ್ಬನ್ನೇ ತಯಾರಿಸಿದ. ಅದರ ಆಯುಸ್ಸು ಕಡಿಮೆ, ಆದರೂ ಪ್ರದರ್ಶನ ಜಗಮಗಿಸಿತು. ನಯಾಗರ ಜಲಪಾತದ ಜನರೇಟರ್‌ಗಳ ಗುತ್ತಿಗೆಯೂ ಆತನಿಗೇ ದಕ್ಕಿತು. 1896ರಲ್ಲಿ ಅಲ್ಲಿನ ವಿದ್ಯುತ್ ಬಫಲೋ ನಗರ ತಲುಪಿತು. ಅಷ್ಟರಲ್ಲಿ ಜಿಇ ಸಹ ಎಸಿಯತ್ತ ಹೊರಳಿತ್ತು. 1902ರಲ್ಲಿ ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿದದ್ದೂ ಎಸಿ ವಿದ್ಯುತ್ತೇ. ಅದರ ಯಂತ್ರೋಪಕರಣ ಒದಗಿಸಿದ್ದು ಜಿಇ ಎಂಬುದು ಸ್ವಾರಸ್ಯಕರ.

ನೂರಾರು ಪೇಟೆಂಟ್ ದಾವೆಗಳಿಂದ ಬಸವಳಿದ ಎರಡೂ ಕಂಪನಿಗಳು 1896ರಲ್ಲಿ ಪೇಟೆಂಟ್ ಹಂಚಿಕೆಯ ಒಪ್ಪಂದಕ್ಕೆ ಬಂದವು. ವ್ಯಾಜ್ಯದ ವೆಚ್ಚ ಉಳಿಯಿತು, ಹೊಸಬರಿಗೆ ಬಾಗಿಲು ಕಿರಿದಾಯಿತು. 1911ರಲ್ಲಿ ಬಲ್ಬುಗಳ ದರ ನಿಗದಿ ಒಪ್ಪಂದಗಳ ವಿರುದ್ಧ ಅಮೆರಿಕ ಸರ್ಕಾರವೇ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಪೈಪೋಟಿಯಿಂದ ಗ್ರಾಹಕನಿಗೆ ದಕ್ಕಿದ್ದ ಲಾಭದಲ್ಲಿ ಒಂದಿಷ್ಟು ಹೊಂದಾಣಿಕೆಯಲ್ಲಿ ಕರಗಿತ್ತು.

1907ರ ಆರ್ಥಿಕ ಬಿಕ್ಕಟ್ಟಿನಲ್ಲಿ ವೆಸ್ಟಿಂಗ್‌ಹೌಸ್ ತನ್ನ ವಿದ್ಯುತ್ ಕಂಪನಿಯ ಹಿಡಿತ ಕಳೆದುಕೊಂಡ. 1911ರ ವೇಳೆಗೆ ಅದರ ಸಂಬಂಧವೇ ಕಡಿದುಹೋಯಿತು. ಎಸಿ ವ್ಯವಸ್ಥೆಯ ಅಭಿವೃದ್ಧಿಗಾಗಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಆ ವರ್ಷದ ಪದಕವನ್ನು ಆತನಿಗೆ ನೀಡಿತು. ಆ ಪದಕದ ಹೆಸರು ಎಡಿಸನ್ ಪದಕ! 1914ರ ಮಾರ್ಚ್ 12ರಂದು ನಿಧನನಾದ ಆತನನ್ನು ಅಂತರ್ಯುದ್ಧದ ಯೋಧನೆಂಬ ಗೌರವದೊಂದಿಗೆ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿ ಮಾಡಲಾಗಿದೆ.