ಐದು ನದಿಗಳ ನಾಡಿನ ಕವಿಚಕ್ರವರ್ತಿ ರನ್ನ

ಭೀಮೆ, ಡೋಣಿ, ಕೃಷ್ಣೆ, ಘಟಪ್ರಭೆ, ಮಲಪ್ರಭೆ ಎಂಬ ಐದು ನದಿಗಳು ಹರಿಯುವ ಸೀಮೆಯನ್ನು ನಮ್ಮ ಹಿರಿಯರು ಒಂದೇ ನಾಡೆಂದು ಬಗೆದಿದ್ದರು. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತಾದರೂ ಹೆಣ್ಣು ಕೊಡುವ-ತರುವ ನಂಟು, ಸಂತೆ-ಜಾತ್ರೆಗಳ ಬಳಕೆ ಇವು ಹರಿದುಹೋಗಲಿಲ್ಲ. ಝಳಕಿಯ ಎರೆಹೊಲದ ಬದುವಿನಲ್ಲಿ ನಿಂತವನಿಗೆ ಉತ್ತರದಲ್ಲಿ ಭೀಮೆಯ ಕಡೆಯ ಬಯಲು. ದಕ್ಷಿಣಕ್ಕೆ ಹೊರಟು, ವಿಜಯಪುರವನ್ನು ಹಾದು, ಕೃಷ್ಣೆಯನ್ನು ದಾಟಿದರೆ ಜಮಖಂಡಿ, ಅದರಾಚೆ ಮುಧೋಳ. ಈ ದಾರಿಯ ಎರಡು ತುದಿಗಳೂ ಹತ್ತನೆಯ ಶತಮಾನದಲ್ಲಿ ಒಂದು ಬಾಳಿನಲ್ಲಿ ಬಂದು ಕೂಡಿದವು. ಭೀಮಾತೀರದ ಸೀಮೆಯಿಂದ ಒಬ್ಬ ಅರಸನು ಮೇಲೆದ್ದನು. ಘಟಪ್ರಭೆಯ ತೀರದಿಂದ ಒಬ್ಬ ಕವಿಯು ಹೊರಟನು. ಅರಸನು ಚಾಲುಕ್ಯ ತೈಲಪ, ಕವಿಯು ರನ್ನ.

ರನ್ನನು ಹುಟ್ಟಿದ್ದು ಕ್ರಿ. ಶ. 949ರಲ್ಲಿ, ಸೌಮ್ಯ ಸಂವತ್ಸರದಲ್ಲಿ. ಹುಟ್ಟೂರು ಮುದುವೊಳಲು, ಎಂದರೆ ಇಂದಿನ ಮುಧೋಳ. ಹೊರಗಿನವರಿಗೆ ಈಗ ಮುಧೋಳವೆಂದರೆ ಮೊದಲು ನೆನಪಾಗುವುದು ಬೇಟೆನಾಯಿಯ ತಳಿ. ಅದೂ ಊರಿಗೆ ಹೆಮ್ಮೆಯೇ, ಇರಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಬಳೆಗಾರರ ಮನೆ. ಹೆಗಲಿಗೆ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಹೊಟ್ಟೆ ಹೊರೆಯುವ ಕುಲದಲ್ಲಿ ಹುಟ್ಟಿದ ಹುಡುಗನು ಮುಂದೆ ಚಕ್ರವರ್ತಿಯ ಸಭೆಯನ್ನೇರಿದಾಗ, ತನ್ನ ಕುಲವನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಅದನ್ನು ಕಾವ್ಯದಲ್ಲಿಯೇ ಬರೆದನು. ಮಹಾಕವಿಗಳು ತಮ್ಮ ವಂಶವನ್ನು ಋಷಿಗೋತ್ರಗಳವರೆಗೆ ಏರಿಸಿ ಹೇಳಿಕೊಳ್ಳುತ್ತಿದ್ದ ಕಾಲವದು. ರನ್ನನ ಈ ನೇರವಾದ ಮಾತಿಗೆ ಅವನ ಬಿರುದುಗಳಿಗಿಂತ ಹೆಚ್ಚಿನ ಬೆಲೆಯುಂಟೆಂದು ನನ್ನ ಎಣಿಕೆ.

ಕುಲವನ್ನು ಹೇಳಿದಂತೆಯೇ ಅವನು ನೆಲವನ್ನೂ ಹೇಳಿದನು. ಬೆಳುಗಲಿ ಐನೂರು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು, ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ಘಟಪ್ರಭೆ ಎಂದು ಭೂಮಾಪಕನ ಕರಾರುವಾಕ್ಕಿನಿಂದ ಗುರುತಿಟ್ಟಿದ್ದಾನೆ. ಐನೂರು, ಎಪ್ಪತ್ತು ಎಂಬವು ಅಂದಿನ ಆಡಳಿತದ ವಿಭಾಗಗಳ ಹೆಸರಿಗೆ ಸೇರಿದ ಸಂಖ್ಯೆಗಳು. ಜಂಬುಖಂಡಿಯು ಜಮಖಂಡಿಯಾಗಿ, ಬೆಳುಗಲಿಯು ಬೆಳಗಲಿಯಾಗಿ ಇಂದಿಗೂ ನಮ್ಮ ಬಾಯಲ್ಲಿವೆ. ಸಾವಿರ ವರ್ಷಗಳ ಹಿಂದಿನ ಕವಿಯೊಬ್ಬನ ಊರನ್ನು ಹುಡುಕಲು ಪಂಡಿತರು ತೊಳಲಬೇಕಾಗಿಲ್ಲದಿರುವುದು ಅಪೂರ್ವ.

ಅವನು ಹುಟ್ಟಿದಾಗ ಈ ನಾಡು ರಾಷ್ಟ್ರಕೂಟರದು. ಮೂರನೆಯ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿದ್ದನು. ಶಾಂತಿಪುರಾಣದ ಕವಿ ಪೊನ್ನನು ಅವನ ಮನ್ನಣೆ ಪಡೆದಿದ್ದನು. ಇಂಡಿಯ ಬಳಿಯ ಸಾಲೋಟಗಿಯಲ್ಲಿ ಅದೇ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆಂದು 27 ಮನೆಗಳಿದ್ದುವೆಂದು 945ರ ಶಾಸನದಿಂದ ತಿಳಿಯುತ್ತದೆ. ಇಂದು ಬರದ ನಾಡೆಂದು ಕರೆಸಿಕೊಳ್ಳುವ ಸೀಮೆಯು ಅಂದು ಅಕ್ಷರಕ್ಕೆ ಬರಪೀಡಿತವಾಗಿರಲಿಲ್ಲ.

ಆದರೂ ಬಳೆಗಾರನ ಮಗನು ಓದುವುದಕ್ಕೆ ದೂರ ಹೋಗಬೇಕಾಯಿತು. ಅವನ ಗುರುಗಳು ಅಜಿತಸೇನಾಚಾರ್ಯರು. ಗಂಗರ ಅರಸು ಮಾರಸಿಂಹನೂ ಅವನ ಮಂತ್ರಿ ಚಾವುಂಡರಾಯನೂ ಇದೇ ಗುರುಗಳಿಗೆ ತಲೆಬಾಗಿದವರು. 974ರಲ್ಲಿ ಮಾರಸಿಂಹನು ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ್ದು ಇವರ ಸನ್ನಿಧಿಯಲ್ಲಿಯೇ. ಅಂತಹ ಗುರುವಿನ ಪಾದಮೂಲದಲ್ಲಿ ರನ್ನನು ಸಂಸ್ಕೃತ, ಪ್ರಾಕೃತ, ಕನ್ನಡಗಳನ್ನೂ ವ್ಯಾಕರಣವನ್ನೂ ಜಿನಾಗಮವನ್ನೂ ಅರಗಿಸಿಕೊಂಡನು. ಚಾವುಂಡರಾಯನ ಆಶ್ರಯವೂ ಅಲ್ಲಿ ದೊರೆಯಿತು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮಹಾಮೂರ್ತಿಯನ್ನು ನಿಲ್ಲಿಸಿದವನು, 978ರಲ್ಲಿ ಗದ್ಯದಲ್ಲಿ ತೀರ್ಥಂಕರರ ಪುರಾಣವನ್ನು ಬರೆದವನು ಈ ಚಾವುಂಡರಾಯನೇ. ಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೊರೆದಿದೆ. ಅದು ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರ ಅಭಿಪ್ರಾಯ. ದೊಡ್ಡಬೆಟ್ಟವನ್ನು ಹತ್ತಿ ಇಳಿದ ಆಯಾಸದಲ್ಲಿ ನಮ್ಮ ಕಡೆಯ ಯಾತ್ರಿಕರು ಅನೇಕರು ಚಿಕ್ಕಬೆಟ್ಟವನ್ನು ನೋಡದೆ ಬಸ್ಸು ಹತ್ತಿಬಿಡುತ್ತಾರೆ. ನಮ್ಮ ಸೀಮೆಯ ಮಗನ ಅಕ್ಷರವು ಅಲ್ಲಿ ಬಿಸಿಲು ಮಳೆಗಳಲ್ಲಿ ಕಾದಿದೆ.

ಇತ್ತ ನಾಡಿನಲ್ಲಿ ಕಾಲವು ಮಗ್ಗುಲು ಬದಲಿಸಿತ್ತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟಕ್ಕೆ ನುಗ್ಗಿ ರಾಜಧಾನಿಯನ್ನು ಸೂರೆಗೊಂಡನು. ಆಗ ತೈಲಪನು ರಾಷ್ಟ್ರಕೂಟರ ಸಾಮಂತ; ತರ್ದವಾಡಿ ಸಾಸಿರದ ಅಧಿಪತಿ. ಭೀಮಾತೀರದ ತದ್ದೇವಾಡಿಯೇ ಆ ತರ್ದವಾಡಿಯೆಂದು ಸಂಶೋಧಕರು ಗುರುತಿಸಿದ್ದಾರೆ. 965ರಷ್ಟು ಹಿಂದೆಯೇ ಅವನು ಈ ನಾಡನ್ನು ಆಳುತ್ತಿದ್ದುದಕ್ಕೆ ಬಾಗೇವಾಡಿ ಸೀಮೆಯ ನರಸಲಗಿಯ ಶಾಸನವು ಸಾಕ್ಷಿ. ಇಂಡಿ, ಸಿಂದಗಿ, ಬಾಗೇವಾಡಿಗಳ ಜೋಳದ ಹೊಲಗಳ ಬಲದಿಂದ ಎದ್ದ ಆ ಸಾಮಂತನು 973ರಲ್ಲಿ ರಾಷ್ಟ್ರಕೂಟ ಕರ್ಕನನ್ನು ಸೋಲಿಸಿ ಚಾಲುಕ್ಯರ ಸಿಂಹಾಸನವನ್ನು ಮರಳಿ ನಿಲ್ಲಿಸಿದನು. ರನ್ನನಿಗೆ ಆಗ ಇಪ್ಪತ್ತನಾಲ್ಕು ವರ್ಷ.

ಇಲ್ಲಿ ಒಂದು ಇಕ್ಕಟ್ಟಿದೆ. ಅದನ್ನು ಮರೆಮಾಚಿ ಬರೆಯುವುದು ಸಲ್ಲದು. ಗಂಗರು ಕೊನೆಯವರೆಗೂ ರಾಷ್ಟ್ರಕೂಟರಿಗೆ ನಿಷ್ಠರಾಗಿದ್ದವರು. ಅವರ ನೆರಳಿನಲ್ಲಿ ಬೆಳೆದ ಕವಿಯು ಈಗ ರಾಷ್ಟ್ರಕೂಟರನ್ನು ಕೆಡವಿದ ತೈಲಪನ ಆಸ್ಥಾನಕ್ಕೆ ಬಂದನು. ಹೊಟ್ಟೆಪಾಡೆನ್ನುವವರು ಎನ್ನಲಿ, ತಾಯ್ನಾಡಿನ ಸೆಳೆತವೆಂದರೂ ತಪ್ಪಾಗದು. ಮೊದಲು ಸಾಮಂತರ, ಬಳಿಕ ಮಂಡಲೇಶ್ವರರ, ಕೊನೆಗೆ ಚಕ್ರವರ್ತಿಯ ಮನ್ನಣೆ ಎಂದು ಅವನು ಮೆಟ್ಟಿಲು ಮೆಟ್ಟಿಲಾಗಿ ಏರಿದನು. ತೈಲಪನು ಕವಿಚಕ್ರವರ್ತಿ ಎಂಬ ಬಿರುದನ್ನಿತ್ತು, ಆನೆ, ಕೊಡೆ, ಚಾಮರಗಳಿಂದ ಮನ್ನಿಸಿದನು.

ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯವೇ ಸಾಹಸಭೀಮವಿಜಯ ಅಥವಾ ಗದಾಯುದ್ಧ. ಮಹಾಭಾರತ ಯುದ್ಧದ ಕೊನೆಯ ಹಗಲನ್ನು ಕೇಂದ್ರವಾಗಿರಿಸಿಕೊಂಡು ಹತ್ತು ಆಶ್ವಾಸಗಳಲ್ಲಿ ಇಡೀ ಭಾರತವನ್ನು ಹಿಂದಿರುಗಿ ನೋಡುವ ಕೃತಿಯಿದು. ಗೆದ್ದವನು ಭೀಮ, ನಾಯಕನೂ ಭೀಮ. ಆದರೆ ಓದುಗನ ಎದೆಯಲ್ಲಿ ಉಳಿಯುವವನು ದುರ್ಯೋಧನ. ರಣರಂಗದಲ್ಲಿ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಕಳೇಬರಗಳ ನಡುವೆ ಒಂಟಿಯಾಗಿ ನಡೆಯುತ್ತ, ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಮಣಿಯುವ ಆ ಸೋತ ಅರಸನನ್ನು ರನ್ನನು ತೂಗಿನೋಡಿದ ಬಗೆ ಬೇರೆ. ತನ್ನ ಯೌವನದಲ್ಲಿಯೇ ಮಾನ್ಯಖೇಟದಂತಹ ಮಹಾನಗರವೊಂದು ಬೂದಿಯಾದುದನ್ನು ಕೇಳಿದವನು, ಗಂಗರ ಮನೆತನವು ಕುಗ್ಗಿದುದನ್ನು ಹತ್ತಿರದಿಂದ ಕಂಡವನು ಬರೆದ ದುರ್ಯೋಧನ ಅವನು. ಹಳೆಯ ಒಡೆಯರಿಗೆ ಸಲ್ಲಬೇಕಾದ ಕಣ್ಣೀರನ್ನು ಹೊಸ ಒಡೆಯನ ಹೊಗಳಿಕೆಯ ಕಾವ್ಯದೊಳಗೇ ಸಲ್ಲಿಸಿದನೆಂದು ನನಗೆ ತೋರುತ್ತದೆ.

ಅವನ ಬಾಳಿನ ಮತ್ತೊಂದು ಆಸರೆ ದಾನಚಿಂತಾಮಣಿ ಅತ್ತಿಮಬ್ಬೆ. ತೈಲಪನ ದಂಡನಾಯಕ ನಾಗದೇವನ ಪತ್ನಿ, ಮಲ್ಲಪಯ್ಯನ ಮಗಳು. ಗಂಡನು ತೀರಿಕೊಂಡಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನಿಗಾಗಿ ಉಳಿದು, ಆ ಉಳಿದ ಬಾಳನ್ನು ವ್ರತಕ್ಕೂ ದಾನಕ್ಕೂ ಮುಡಿಪಿಟ್ಟಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಹಂಚಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಓಲೆಯಲ್ಲಿ ಬರೆಯಿಸಿ ದಾನವಿತ್ತಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ತಾಳೆಗರಿ, ಎಷ್ಟು ಕಂಟ, ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ಬಿಂಬದಾನವನ್ನೂ ಶಾಸ್ತ್ರದಾನವನ್ನೂ ಆ ತಾಯಿಯು ಒಂದೇ ತಕ್ಕಡಿಯಲ್ಲಿ ತೂಗಿದಳು. ನಾವು ಮೊದಲನೆಯದನ್ನು ಬಿಡದೆ ನಡೆಸಿಕೊಂಡು ಬಂದಿದ್ದೇವೆ. ಎರಡನೆಯದರಲ್ಲಿ ನಮ್ಮ ಕೈ ಬಿಗಿಯಾಯಿತು. ಓಲೆಗೆ ಗೆದ್ದಲು ಹಿಡಿಯುವ ಮುನ್ನ ಇನ್ನೊಂದು ಪ್ರತಿಯಾಗದಿದ್ದರೆ ಏನಾಗುವುದೆಂಬುದನ್ನು ರನ್ನನ ಉದಾಹರಣೆಯೇ ತೋರಿಸುತ್ತದೆ. ಅವನ ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಎರಡು ಕಾವ್ಯಗಳ ಹೆಸರು ಮಾತ್ರ ನಮ್ಮ ಪಾಲಿಗೆ ಉಳಿದಿವೆ. ರನ್ನಕಂದವೆಂಬ ನಿಘಂಟಿನ ಕೆಲವು ಪದ್ಯಗಳು ದೊರೆತಿವೆ. ಪೂರ್ಣವಾಗಿ ಕೈಸೇರಿದುವು ಗದಾಯುದ್ಧ ಮತ್ತು ಅಜಿತಪುರಾಣ.

ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆಯೇ. 993ರಲ್ಲಿ ಮುಗಿದ ಈ ಹನ್ನೆರಡು ಆಶ್ವಾಸಗಳ ಚಂಪುವಿನಲ್ಲಿ ಎರಡನೆಯ ತೀರ್ಥಂಕರ ಅಜಿತನಾಥಸ್ವಾಮಿಯ ಚರಿತೆಯೂ ಸಗರ ಚಕ್ರವರ್ತಿಯ ಕಥೆಯೂ ಇವೆ. ಆಶ್ರಯವಿತ್ತ ಅರಸರನ್ನು ಹೊಗಳುವುದು ವಾಡಿಕೆ. ಇಲ್ಲಿ ಕವಿಯು ಒಬ್ಬ ಶ್ರಾವಿಕೆಯ ಶೀಲವನ್ನು, ದಾನವನ್ನು ಮನದಣಿಯೆ ಕೊಂಡಾಡಿದ್ದಾನೆ. ಅವಳು ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯೂ 1007ರ ಅವಳ ಶಾಸನವೂ ಇಂದಿಗೂ ನಿಂತಿವೆ. ರನ್ನನ ಮುದುವೊಳಲಿನಲ್ಲಿ ಅವನ ಕಾಲದ್ದೆಂದು ಬೆರಳಿಟ್ಟು ತೋರಿಸಬಹುದಾದ ಬಸದಿಯಿಲ್ಲ. ಜಮಖಂಡಿಯ ಹತ್ತಿರದ ತೇರದಾಳದಲ್ಲಿ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯು ಹನ್ನೆರಡನೆಯ ಶತಮಾನದ್ದು.

ಅಜಿತಪುರಾಣದಲ್ಲಿ ರನ್ನನು ತನ್ನ ಮನೆಯವರೆಲ್ಲರನ್ನೂ ನೆನೆದಿದ್ದಾನೆ: ತಂದೆ ತಾಯಿ, ಅಣ್ಣಂದಿರು, ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಮಡದಿಯರು, ಇಬ್ಬರು ಮಕ್ಕಳು. ಚಕ್ರವರ್ತಿಯ ಆಸ್ಥಾನದಲ್ಲಿ ಮೆರೆದ ಆ ಕವಿಯು ಮಕ್ಕಳಿಗೆ ಹೆಸರಿಡುವಾಗ ತೈಲಪನನ್ನಾಗಲಿ ಸತ್ಯಾಶ್ರಯನನ್ನಾಗಲಿ ನೆನೆಯಲಿಲ್ಲ. ಬಳೆಗಾರನ ಮಗನಿಗೆ ಮೊದಲು ಬಾಗಿಲು ತೆರೆದ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದು ಕರೆದನು. ಮಗಳನ್ನು ಅತ್ತಿಮಬ್ಬೆ ಎಂದನು.